ಬಿಲ್ಲಿನ ಕೆಳಗಿನ ‘ಸಬ್ಜೆಕ್ಟ್ ಟು’

ರಾಯಚೂರು ಗಂಜ್‌ನ ಹಳೇ ಬಿಲ್ ಒಂದನ್ನು ಕೈಗೆ ತಗೊಳ್ರಿ. ಮೇಲೆ ದೇವರ ಹೆಸರು, ನಡುವೆ ತೂಕ, ದರ, ಹಮಾಲಿ. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಸಬ್ಜೆಕ್ಟ್ ಟು ರಾಯಚೂರ್ ಜ್ಯೂರಿಸ್‌ಡಿಕ್ಷನ್’. ಬಳ್ಳಾರಿಯ ಜೀನ್ಸ್ ಅಂಗಡಿಯಲ್ಲೂ ಇದೇ ಸಾಲು, ಊರ ಹೆಸರಷ್ಟೇ ಬೇರೆ.

ಡಿಗ್ರಿ ಓದೋ ಹುಡುಗರನ್ನು ಅರ್ಥ ಕೇಳಿದರೆ ‘ಸಬ್ಜೆಕ್ಟ್ ಅಂದ್ರ ವಿಷಯ ಅಲ್ಲೇನ್ರಿ ಸರ್? ರಾಯಚೂರಿಗೆ ಸಂಬಂಧಪಟ್ಟ ವಿಷಯ’ ಅಂತಾರೆ. ಅವರನ್ನು ದೂರಿ ಏನು ಪ್ರಯೋಜನ? ಸಾಲಿಯಲ್ಲಿ ಸಬ್ಜೆಕ್ಟ್ ಅಂದರೆ ಗಣಿತ, ವಿಜ್ಞಾನ. ರಜಾ ಅರ್ಜಿಯಲ್ಲಿ ‘ವಿಷಯ’. ವ್ಯಾಕರಣದ ಪಾಠದಲ್ಲಿ ಕರ್ತೃಪದ. ಅದರ ಮುಂದೆ ‘ಟು’ ಬಂದು ಕೂತರೆ ಅರ್ಥ ಪೂರಾ ಬದಲಾಗುತ್ತದೆ ಅಂತ ಯಾರೂ ಹೇಳಿರೋದಿಲ್ಲ. ನಮ್ಮ ಸರ್ಕಾರಿ ಆದೇಶಗಳಲ್ಲಿ ‘ಷರತ್ತಿಗೆ ಒಳಪಟ್ಟು’ ಅಂತ ಬರುತ್ತದಲ್ಲ, ಅದೇ ಇದು. ಬಿಲ್ಲಿನ ಸಾಲಿಗೆ ಅರ್ಥ ಇಷ್ಟೇ: ತಕರಾರು ಬಂದರೆ ರಾಯಚೂರಿನ ಕೋರ್ಟಿಗೇ ಬರಬೇಕು.

ಈ ಸಾಲಿನ ಮೇಲೆ ಸುಪ್ರೀಂ ಕೋರ್ಟಿನವರೆಗೂ ಜಗಳ ಹೋಗಿದೆ. 1989ರ ಎಬಿಸಿ ಲ್ಯಾಮಿನಾರ್ಟ್ ಪ್ರಕರಣದಲ್ಲಿ ಕರಾರಿನಲ್ಲಿದ್ದದ್ದು ‘ಸಬ್ಜೆಕ್ಟ್ ಟು ಕೈರಾ ಜ್ಯೂರಿಸ್‌ಡಿಕ್ಷನ್’. ಕೈರಾ ಇರೋದು ಗುಜರಾತಿನಲ್ಲಿ, ದಾವೆ ಹೂಡಿದ್ದು ತಮಿಳುನಾಡಿನ ಸೇಲಂನಲ್ಲಿ. ‘ಮಾತ್ರ’ ಅನ್ನುವಂಥ ಪದ ಅಲ್ಲಿಲ್ಲ, ಆದ್ದರಿಂದ ಸೇಲಂ ಕೋರ್ಟೂ ಕೇಸು ನಡೆಸಬಹುದು ಅಂತ ತೀರ್ಪಾಯಿತು. 2013ರ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ‘ಮಾತ್ರ’ ಇಲ್ಲದಿದ್ದರೂ ಉದ್ದೇಶ ಸ್ಪಷ್ಟವಿದ್ದರೆ ಹೆಸರಿಸಿದ ಊರಿನ ಕೋರ್ಟಿಗೇ ಹೋಗಬೇಕು ಅಂತು. ಇನ್ನೊಂದು ಮಾತು: ವ್ಯವಹಾರಕ್ಕೆ ಯಾವ ಸಂಬಂಧವೂ ಇಲ್ಲದ ಊರಿನ ಹೆಸರು ಅಚ್ಚು ಹಾಕಿಸಿದರೆ ಆ ಕೋರ್ಟಿಗೆ ಅಧಿಕಾರ ಬರೋದಿಲ್ಲ.

ಇಂಗ್ಲಿಷ್ ಕಲಿಯೋರು ನೆನಪಿಡಬೇಕಾದದ್ದು, ಈ ‘ಟು’ ಆದಮೇಲೆ ನಾಮಪದವೇ ಬರಬೇಕು. ‘ಸಬ್ಜೆಕ್ಟ್ ಟು ಅಪ್ರೂವಲ್’ ಸರಿ, ‘ಸಬ್ಜೆಕ್ಟ್ ಟು ಗೆಟಿಂಗ್ ಅಪ್ರೂವಲ್’ ಸರಿ, ‘ಸಬ್ಜೆಕ್ಟ್ ಟು ಗೆಟ್ ಅಪ್ರೂವಲ್’ ತಪ್ಪು. ‘ಸಬ್ಜೆಕ್ಟೆಡ್ ಟು’ ಅಂತ ಬರೆದರಂತೂ ಕಥೆಯೇ ಬೇರೆ. ಅದು ಬಹುಮಟ್ಟಿಗೆ ಕಿರುಕುಳ, ತನಿಖೆ, ಹಿಂಸೆಯಂಥವುಗಳಿಗೆ ಗುರಿಯಾದವರ ಬಗ್ಗೆ ಬಳಸೋದು. ‘ಮೈ ಲೀವ್ ಈಸ್ ಸಬ್ಜೆಕ್ಟೆಡ್ ಟು ಅಪ್ರೂವಲ್’ ಅಂತ ಬರೆದ ಅರ್ಜಿಗಳನ್ನು ನಾನು ಕಂಡಿದ್ದೇನೆ. ಪಾಪ, ರಜೆಗೆ ಏನೋ ಚಿತ್ರಹಿಂಸೆ ಕೊಟ್ಟಂಗೆ ಕೇಳಿಸುತ್ತದೆ. ಉಚ್ಚಾರದಲ್ಲೂ ವ್ಯತ್ಯಾಸ ಇದೆ: ಒಳಪಟ್ಟು ಅನ್ನೋ ಅರ್ಥಕ್ಕೆ ಒತ್ತು ‘ಸಬ್’ ಮೇಲೆ, ಕ್ರಿಯಾಪದಕ್ಕೆ ‘ಜೆಕ್ಟ್’ ಮೇಲೆ.

ನನ್ನ ತಕರಾರು ಇರೋದು ನಮ್ಮ ಕಡೆಯ ಸ್ಪೋಕನ್ ಇಂಗ್ಲಿಷ್ ಹುಚ್ಚಿನ ಬಗ್ಗೆ. ಫೀಸು ಕಟ್ಟಿ ‘ಹೌ ಡು ಯು ಡು’ ಕಲಿತು ಬರ್ತಾರೆ. ಹಂಗ ಕೇಳೋರು ರಾಯಚೂರಿನಲ್ಲಿ ಯಾರಿದ್ದಾರೋ ನಾನಂತೂ ನೋಡಿಲ್ಲ. ಆದರೆ ಸಹಿ ಹಾಕೋ ಕಾಗದ ಎಲ್ಲರಿಗೂ ಬರುತ್ತದೆ. ಪ್ರೀಮಿಯಂ ರಸೀತಿಯಲ್ಲಿ ‘ಸಬ್ಜೆಕ್ಟ್ ಟು ರಿಯಲೈಸೇಶನ್ ಆಫ್ ಚೆಕ್’ ಅಂತಿದ್ದರೆ, ಚೆಕ್ ಪಾಸಾಗೋ ತನಕ ಕಂತು ಕಟ್ಟಿದಂಗಲ್ಲ. ನೌಕರಿಯ ಪತ್ರದಲ್ಲಿ ‘ಸಬ್ಜೆಕ್ಟ್ ಟು ವೆರಿಫಿಕೇಶನ್’ ಅಂತಿದ್ದರೆ, ಪೇಢೆ ಹಂಚೋದಕ್ಕಿಂತ ಮುಂಚೆ ಸಿಂಧುತ್ವ ಪ್ರಮಾಣಪತ್ರ ಹುಡುಕಿಟ್ಟುಕೊಳ್ಳೋದು ಒಳ್ಳೇದು. ಟಿವಿಯಲ್ಲಿ ಮ್ಯೂಚುವಲ್ ಫಂಡಿನವರು ಉಸಿರು ಬಿಡದೆ ಓದಿ ಮುಗಿಸೋದೂ ಇದೇ ಪದವನ್ನು. ಲಾಭದ ಮಾತು ನಿಧಾನಕ್ಕೆ, ‘ಸಬ್ಜೆಕ್ಟ್ ಟು ಮಾರ್ಕೆಟ್ ರಿಸ್ಕ್ಸ್’ ಮಾತ್ರ ಎಕ್ಸ್‌ಪ್ರೆಸ್ ಗಾಡಿ.

ಈ ಪದ ನಮ್ಮನ್ನೆಲ್ಲ ನೇರವಾಗಿ ಮುಟ್ಟೋ ಜಾಗ ಇನ್ನೊಂದಿದೆ: 371(ಜೆ). ಹೈದರಾಬಾದ್-ಕರ್ನಾಟಕ, ಅಂದರೆ ಈಗಿನ ಕಲ್ಯಾಣ ಕರ್ನಾಟಕ ಅನ್ನೋ ನಮ್ಮ ಭಾಗಕ್ಕಾಗಿ 2012ರ 98ನೇ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ ಸೇರಿದ ವಿಧಿ. ಮೀಸಲಾತಿ, ಅನುದಾನ ಅಂತ ದಿನಾ ಮಾತಾಡ್ತೀವಿ, ಇಂಗ್ಲಿಷ್ ಮೂಲ ಓದಿದೋರು ಕಡಿಮೆ. ನಮ್ಮ ಭಾಗಕ್ಕೆ ಹಣದ ನ್ಯಾಯಯುತ ಹಂಚಿಕೆ ಅನ್ನೋ ಉಪಖಂಡದ ಬೆನ್ನಿಗೇ ‘ಸಬ್ಜೆಕ್ಟ್ ಟು ದ ರಿಕ್ವೈರ್‌ಮೆಂಟ್ಸ್ ಆಫ್ ದ ಸ್ಟೇಟ್ ಆ್ಯಸ್ ಎ ಹೋಲ್’ ಅಂತಿದೆ. ಅಂದರೆ ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟು. ಉದ್ಯೋಗ, ಶಿಕ್ಷಣದ ಉಪಖಂಡಕ್ಕೂ ಅದೇ ಬಾಲ. ಅನುದಾನದ ವಾದ ಬಂದಾಗ ನಾವು ವಾಕ್ಯದ ಮೊದಲರ್ಧ ಓದ್ತೀವಿ, ಕೊಡೋ ಕೈಗಳು ಉಳಿದರ್ಧ ಓದ್ತಾವೆ.

ಮೊದಲನೇ ಉಪಖಂಡ ಮಾತ್ರ ಹಂಗಿಲ್ಲ ನೋಡ್ರಿ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು ಅಂತಿದೆ. ಅಲ್ಲಿ ‘ಸಬ್ಜೆಕ್ಟ್ ಟು’ ಇಲ್ಲ. ಮುಂದಿನ ಅಧಿವೇಶನಕ್ಕೆ ಹೋಗೋ ನಮ್ಮ ಶಾಸಕರಿಗೆ ಆ ವರದಿ ಎಲ್ಲಿ ಅಂತ ಕೇಳ್ರಿ.