ಆಡಿಷನ್‌ಗೆ ಯಾವ ಹಾಡು? ಮೊದಲು ಮಗುವಿನ ವಯಸ್ಸು ನೋಡಿ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುತ್ತಿದ್ದಂತೆ ನ್ಯೂಜೆರ್ಸಿಯ ನಮ್ಮ ಕನ್ನಡ ಮನೆಗಳಿಂದ ನನಗೆ ಫೋನು ಬರತೊಡಗುತ್ತದೆ. "ಅಕ್ಕಾ, ಮಗಳು ಕಾಲೇಜಲ್ಲಿ ಮ್ಯೂಸಿಕಲ್ ಥಿಯೇಟರೇ ಓದ್ತೀನಿ ಅಂತ ಹಟ ಹಿಡಿದಿದಾಳೆ. ಆಡಿಷನ್‌ಗೆ ಯಾವ ಹಾಡು ಹಾಡಿಸೋಣ?" ಹಾಡಿ ನಟಿಸುವ ನಾಟಕಗಳ ಓದು ಅದು, ಆಡಿಷನ್ ಅಂದರೆ ಅದಕ್ಕೆ ಸೇರಲು ಕೊಡುವ ಆಯ್ಕೆಯ ಪರೀಕ್ಷೆ. ಹಿಂದೆಯೇ ವಾಟ್ಸಾಪಿನಲ್ಲಿ ಒಂದು ಯೂಟ್ಯೂಬ್ ಲಿಂಕು. ಹೆಚ್ಚಿನ ಸಲ ಅದು 'ವಿಕೆಡ್' ನಾಟಕದ 'ಡಿಫೈಯಿಂಗ್ ಗ್ರಾವಿಟಿ', ಇಲ್ಲವೇ 'ಲೆ ಮಿಸರಾಬ್ಲ್'ನ 'ಆನ್ ಮೈ ಓನ್'. ಎರಡೂ ಒಳ್ಳೆಯ ಹಾಡುಗಳು. ಆದರೂ ಹದಿನೇಳರ ಮಗುವಿನ ಕೈಗೆ ಅವನ್ನು ಕೊಟ್ಟು ಆಡಿಷನ್‌ಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಕರ್ನಾಟಕ ಸಂಗೀತ ಹೇಳಿಕೊಡುವವಳಾಗಿ ಮತ್ತು ಆಡಿಷನ್‌ಗಳಲ್ಲಿ ಮಕ್ಕಳಿಗೆ ಪಿಯಾನೋ ನುಡಿಸುವವಳಾಗಿ ನಾನು ಕಂಡದ್ದು ಇದು.

ಈ ಆಡಿಷನ್ ಹೇಗೆ ನಡೆಯುತ್ತದೆ ಅನ್ನುವುದು ನಮ್ಮ ಅನೇಕ ಅಪ್ಪ ಅಮ್ಮಂದಿರಿಗೆ ಗೊತ್ತಿರುವುದಿಲ್ಲ. ಮೊದಲು ಪ್ರೀಸ್ಕ್ರೀನ್ ಅಂತ ವಿಡಿಯೋ ಕಳಿಸಬೇಕು. ಅದರಲ್ಲಿ ಪಾಸಾದವರನ್ನು ಜನವರಿ, ಫೆಬ್ರವರಿಯಲ್ಲಿ ಎದುರಿಗೆ ಕರೆಯುತ್ತಾರೆ. ಹಲವು ಕಾಲೇಜುಗಳು ಸೇರಿ ನ್ಯೂಯಾರ್ಕ್, ಶಿಕಾಗೋ, ಲಾಸ್ ಏಂಜಲೀಸ್‌ಗಳಲ್ಲಿ ಒಂದೇ ಕಡೆ ನಡೆಸುವುದೂ ಉಂಟು, ಅದಕ್ಕೆ ಯೂನಿಫೈಡ್ಸ್ ಅನ್ನುತ್ತಾರೆ. ಇಡೀ ಹಾಡನ್ನು ಯಾರೂ ಕೇಳುವುದಿಲ್ಲ. ಹದಿನಾರು ಬಾರ್ ಅಥವಾ ಮೂವತ್ತೆರಡು ಬಾರ್ (ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ತಾಳದ ಒಂದು ಆವರ್ತದ ಹಾಗೆ), ಗಡಿಯಾರದ ಲೆಕ್ಕದಲ್ಲಿ ಅರ್ಧ ನಿಮಿಷದಿಂದ ಒಂದೂವರೆ ನಿಮಿಷ. ಸಾಮಾನ್ಯವಾಗಿ ಒಂದು ನಿಧಾನದ್ದು, ಒಂದು ಚುರುಕಾದದ್ದು. ಒಂದು ಹಳೆಯದು, ಒಂದು ಹೊಸದು. ಹಳೆಯದು ಅಂದರೆ ಎಷ್ಟು ಹಳೆಯದು ಅನ್ನುವ ಗಡಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ, ಅವರು ಬರೆದಿರುವುದನ್ನು ಓದಿ.

ಅಷ್ಟು ಚಿಕ್ಕ ಅವಧಿಯಲ್ಲಿ ಮೇಜಿನ ಆಚೆ ಕೂತವರು ಹುಡುಕುವುದು ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಸಾಲಾದ ಬ್ರಾಡ್‌ವೇಯ ಸಿದ್ಧ ತಾರೆಯನ್ನಲ್ಲ. ಈ ಮಗು ಯಾರು, ಇದಕ್ಕೆ ಮಾತಿನ ಅರ್ಥ ತಿಳಿದಿದೆಯೇ, ನಾಲ್ಕು ವರ್ಷ ಕಲಿಸಿದರೆ ಎಲ್ಲಿಗೆ ಹೋದೀತು, ಇಷ್ಟನ್ನೇ. ಹಾಗಾಗಿ ಹಾಡು ಆಕೆಯ ಇಂದಿನ ವಯಸ್ಸಿಗೆ, ಇಂದಿನ ಗಂಟಲಿಗೆ ಸರಿಯಾಗಿರಬೇಕು. ಬೆಳೆಯುವ ಮಗು ಅಂತ ಎರಡು ಸೈಜು ದೊಡ್ಡ ಅಂಗಿ ತರುತ್ತೇವಲ್ಲ, ಹಾಡಿನಲ್ಲಿ ಅದು ನಡೆಯುವುದಿಲ್ಲ.

'ಡಿಫೈಯಿಂಗ್ ಗ್ರಾವಿಟಿ'ಯನ್ನೇ ತೆಗೆದುಕೊಳ್ಳಿ. 2003ರಲ್ಲಿ ಬ್ರಾಡ್‌ವೇಯಲ್ಲಿ ಅದನ್ನು ಮೊದಲು ಹಾಡಿದ ಇಡೀನಾ ಮೆಂಜೆಲ್‌ಗೆ ಆಗಲೇ ಮೂವತ್ತು ದಾಟಿತ್ತು. ನಾಟಕದಲ್ಲಿ ಮೊದಲ ಅಂಕ ಪೂರ್ತಿ ಕಥೆ ಕಟ್ಟಿದ ಮೇಲೆ ಆ ಹಾಡು ಬರುತ್ತದೆ, ಆ ಏರು ಸ್ವರಕ್ಕೆ ಬಲ ಬರುವುದೇ ಆ ಕಥೆಯಿಂದ. ಹದಿನಾರು ಬಾರ್‌ಗೆ ಕತ್ತರಿಸಿದರೆ ಕೊನೆಯ ಕೂಗು ಮಾತ್ರ ಉಳಿಯುತ್ತದೆ. ಆ ಕೂಗಿಗಾಗಿ ಮಕ್ಕಳು ಕೆಳಗಿನ ಎದೆಯ ದನಿಯನ್ನೇ ಹಿಡಿದು ಮೇಲಕ್ಕೆ ತಳ್ಳುತ್ತಾರೆ. ಕುತ್ತಿಗೆಯ ನರ ಉಬ್ಬುತ್ತದೆ, ಗದ್ದ ಮುಂದಕ್ಕೆ ಬರುತ್ತದೆ. ಪಿಯಾನೋ ಮುಂದೆ ಕೂತು ಅದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 'ಆನ್ ಮೈ ಓನ್'ನದು ಬೇರೆ ತೊಂದರೆ. ವಯಸ್ಸಿಗೆ ಅದು ದೂರವೇನಲ್ಲ, ಆದರೆ ಕೇಳುವವರ ಕಿವಿಯಲ್ಲಿ ಆಗಲೇ ನೂರು ದನಿಗಳು ತುಂಬಿರುತ್ತವೆ, ನಿಮ್ಮ ಮಗುವನ್ನು ಅವರು ಆ ನೂರರ ಜೊತೆಗೇ ತೂಗುತ್ತಾರೆ.

ಇನ್ನೂ ಹೆಚ್ಚು ಬೇಸರ ತರಿಸುವುದು ವಯಸ್ಸಿಗೆ ಮೀರಿದ ದುಃಖದ ಹಾಡುಗಳು. 'ದಿ ಲಾಸ್ಟ್ ಫೈವ್ ಇಯರ್ಸ್'ನ 'ಸ್ಟಿಲ್ ಹರ್ಟಿಂಗ್' ಮದುವೆ ಮುರಿದುಬಿದ್ದ ಹೆಂಗಸಿನ ಹಾಡು. ಹೈಸ್ಕೂಲು ಹುಡುಗಿಯರು ಇದನ್ನು ಬಹಳ ಇಷ್ಟಪಟ್ಟು ಹಾಡುತ್ತಾರೆ, ಕಣ್ಣಲ್ಲಿ ನೀರೂ ತಂದುಕೊಳ್ಳುತ್ತಾರೆ. ಅವರ ಭಾವನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ನೋವಿನ ಒಳಗೆ ಅವರಿಗೆ ಇನ್ನೂ ಜಾಗವಿಲ್ಲ, ಹಾಗಾಗಿ ಧ್ವನಿಮುದ್ರಣದಲ್ಲಿ ಕೇಳಿದ ಅಳುವನ್ನೇ ಮತ್ತೆ ಒಪ್ಪಿಸುತ್ತಾರೆ. ಕೇಳುವವರಿಗೆ ಮಗು ಕಾಣುವುದಿಲ್ಲ.

ಹಾಗಾದರೆ ಯಾವುದು? ನನ್ನ ಅತಿ ಪ್ರೀತಿಯ ಉದಾಹರಣೆ 'ದಿ ಫೆಂಟಾಸ್ಟಿಕ್ಸ್'. 1960ರಲ್ಲಿ ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್‌ನ ಪುಟ್ಟ ರಂಗಮಂದಿರವೊಂದರಲ್ಲಿ ಶುರುವಾಗಿ 2002ರವರೆಗೆ ಓಡಿದ ನಾಟಕ. ಅದರ ನಾಯಕಿ ಲೂಯಿಸಾಗೆ ಹದಿನಾರೇ ವರ್ಷ. ಅವಳ 'ಮಚ್ ಮೋರ್' ಹಾಡಿನಲ್ಲಿ ಬದುಕಿನಿಂದ ಏನೇನೋ ಬೇಕು ಅನ್ನುವ ಹುಡುಗಿಯ ಉತ್ಕಟ ಆಸೆಯೆಲ್ಲ ಇದೆ. ಹದಿನೇಳರ ಹುಡುಗಿ ಇದಕ್ಕೆ ಏನನ್ನೂ ನಟಿಸಬೇಕಾಗಿಲ್ಲ, ತನ್ನ ಆಸೆಗಳನ್ನು ನೆನೆಸಿಕೊಂಡರೆ ಸಾಕು. ಹಳೆಯ ಹಾಡು ಬೇಕು ಅನ್ನುವ ನಿಯಮಕ್ಕೂ ಸರಿಹೋಗುತ್ತದೆ. ದನಿ ಮಾತ್ರ ಮೇಲಕ್ಕೆ ಹಗುರವಾಗಿ ಹೋಗಬೇಕು. ಹತ್ತು ಹನ್ನೆರಡರ ಚಿಕ್ಕವರಿಗಾದರೆ 'ದಿ ಸೀಕ್ರೆಟ್ ಗಾರ್ಡನ್'ನ 'ದಿ ಗರ್ಲ್ ಐ ಮೀನ್ ಟು ಬಿ'. ಭಾರತದಲ್ಲಿ ಕಾಲರಾಕ್ಕೆ ಅಪ್ಪ ಅಮ್ಮನನ್ನು ಕಳೆದುಕೊಂಡು ಇಂಗ್ಲೆಂಡಿಗೆ ಬಂದ ಮೇರಿ ತನಗೇ ಅಂತ ಒಂದು ಜಾಗ ಬಯಸಿ ಹಾಡುವುದು. ಆ ಪಾತ್ರ ಮಾಡಿದ ಡೇಸಿ ಈಗನ್‌ಗೆ 1991ರಲ್ಲಿ ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂದಾಗ ಹನ್ನೊಂದೇ ವರ್ಷ. ಮಗು ಮಗುವಿನ ಹಾಗೆಯೇ ಹಾಡಿದರೂ ಎಷ್ಟು ದೂರ ಮುಟ್ಟಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ದನಿ ಒಡೆಯುತ್ತಿರುವ ಹುಡುಗರಿಗೆ ಒಂದು ಸ್ಥಾಯಿಯೊಳಗೆ ಮುಗಿಯುವ ಹಾಡು ಹುಡುಕಿ. ಹೋದ ವರ್ಷ ಮುಟ್ಟುತ್ತಿದ್ದ ಸ್ವರವನ್ನು ಈ ವರ್ಷ ಕೇಳಬೇಡಿ.

ಈಗ ನಮ್ಮ ಮಕ್ಕಳದೇ ಆದ ವಿಷಯ. ಅನೇಕರು ಐದಾರು ವರ್ಷದಿಂದಲೇ ಸರಳೆ, ಜಂಟಿ ವರಸೆ, ಗೀತೆ, ವರ್ಣ ಅಂತ ಕಲಿತು ಬಂದವರು. ಇದು ದೊಡ್ಡ ಆಸ್ತಿ. ತಾಳ ತಪ್ಪುವುದಿಲ್ಲ, ಉಸಿರು ಗಟ್ಟಿ, ಒಮ್ಮೆ ಕೇಳಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ನಮ್ಮ ಹುಡುಗಿಯರು ಹೆಚ್ಚಾಗಿ ಐದೂವರೆ ಮನೆ ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ. ಐದೂವರೆ ಅಂದರೆ ಪಿಯಾನೋದ ಜಿ ಶಾರ್ಪ್. ತಾರಸ್ಥಾಯಿ ಪಂಚಮದವರೆಗೆ ಹೋದರೂ ಅದರ ಮೇಲೆ ಇನ್ನೂ ಐದಾರು ಸ್ವರಗಳ ತಲೆದನಿ ಬಳಕೆಯಿಲ್ಲದೆ ಬಿದ್ದಿರುತ್ತದೆ. ಒಂದು ವರ್ಷ ಮೊದಲೇ ಆ ಮೇಲಿನ ದನಿಯನ್ನು ಮೆತ್ತಗೆ ಎಬ್ಬಿಸಿದರೆ ಹಾಡುಗಳ ಆಯ್ಕೆ ಎಷ್ಟೋ ಪಾಲು ದೊಡ್ಡದಾಗುತ್ತದೆ. ಗಮಕವನ್ನು ಮರೆಸಬೇಕಿಲ್ಲ. ಸ್ವರವನ್ನು ನೇರವಾಗಿ ಹಿಡಿಯುವುದನ್ನೂ ಜೊತೆಗೆ ಕಲಿಸಿ, ಯಾವಾಗ ಯಾವುದು ಅನ್ನುವುದು ಅವಳ ಹಿಡಿತದಲ್ಲಿರಲಿ.

ಇನ್ನೊಂದು, ನಮ್ಮಲ್ಲಿ ಯಾವ ಕೃತಿಯನ್ನಾದರೂ ನಮ್ಮ ನಮ್ಮ ಶ್ರುತಿಗೆ ಹಾಡಿಕೊಳ್ಳುತ್ತೇವೆ, ತಂಬೂರಿ ಬದಲಾಯಿಸಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಪಿಯಾನೋದವರ ಮುಂದೆ ಇಡುವ ಹಾಳೆಯಲ್ಲಿ ಯಾವ ಶ್ರುತಿಯಿದೆಯೋ ಅದೇ. ನಿಂತ ನಿಲುವಿನಲ್ಲಿ ಎರಡು ಸ್ವರ ಇಳಿಸಿ ನುಡಿಸಿ ಅಂತ ಕೇಳುವುದು ಸರಿಯಲ್ಲ. ಇಳಿಸಬೇಕಿದ್ದರೆ ಇಳಿಸಿದ ಹಾಳೆಯನ್ನೇ ಮೊದಲು ಸಿದ್ಧಮಾಡಿಸಿ. ಎಲ್ಲಿಂದ ಎಲ್ಲಿಗೆ ಅಂತ ದಪ್ಪಗೆ ಗುರುತು ಹಾಕಿ, ಬೈಂಡರ್‌ನಲ್ಲಿ ಪುಟ ತಿರುವಲು ಸುಲಭವಾಗುವಂತೆ ಜೋಡಿಸಿ. ಮೊದಲ ಎರಡು ಸಾಲನ್ನು ಮೆಲ್ಲಗೆ ಗುನುಗಿ ಪಿಯಾನೋದವರಿಗೆ ಲಯ ತಿಳಿಸಲು ಮಗುವಿಗೆ ಹೇಳಿಕೊಡಿ, ಚಿಟಿಕೆ ಹೊಡೆಯುವುದು ಬೇಡ, ಅದು ಮರ್ಯಾದೆಯಲ್ಲ. ಬ್ರಾಡ್‌ವೇಯ ಹೆಸರಾಂತ ಸಂಗೀತ ರಚನಕಾರ ಸಾಂಡ್‌ಹೈಮ್ ಅವರ ಹಾಡುಗಳು ನನಗೆ ಪ್ರಾಣ. ಆದರೆ ಅವರ ಪಿಯಾನೋ ಭಾಗವನ್ನು ಮೊದಲ ನೋಟಕ್ಕೆ ನುಡಿಸುವುದು ಕಷ್ಟ, ಅಪರಿಚಿತರ ಕೈಗೆ ಅದನ್ನು ಕೊಟ್ಟು ಮಗುವಿನ ಅರ್ಧ ನಿಮಿಷವನ್ನು ಪಣಕ್ಕಿಡಬೇಡಿ. ಮನೆಯಲ್ಲಿ ಕ್ಯಾರಿಯೋಕೆ ಟ್ರ್ಯಾಕಿನ ಜೊತೆಗಷ್ಟೇ ಹಾಡಿದ ಮಕ್ಕಳು ಎದುರಿಗೆ ಜೀವಂತ ಪಿಯಾನೋ ಬಂದಾಗ ಎಡವುವುದನ್ನೂ ನೋಡಿದ್ದೇನೆ. ಕೆಲವು ಕಾಲೇಜುಗಳು ಟ್ರ್ಯಾಕನ್ನೇ ತನ್ನಿ ಅನ್ನುತ್ತವೆ, ಅಲ್ಲಿ ಚಿಂತೆಯಿಲ್ಲ. ಆದರೂ ಎರಡಕ್ಕೂ ಅಭ್ಯಾಸ ಬೇಕು.

"ನಮ್ಮ ಮಗು ಕಂದು ಬಣ್ಣದ್ದು, ಭಾರತೀಯ ಪಾತ್ರದ ಹಾಡೇ ಹಾಡಲಿ" ಅನ್ನುವ ಸಲಹೆ ಕೆಲವರು ಕೊಡುತ್ತಾರೆ. ನನಗೆ ಇದು ಸಿಟ್ಟು ತರಿಸುತ್ತದೆ. ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' 2002ರಲ್ಲಿ ಲಂಡನ್ನಿನಲ್ಲಿ, 2004ರಲ್ಲಿ ಬ್ರಾಡ್‌ವೇಯಲ್ಲಿ ಬಂತು, ನಮ್ಮೆಲ್ಲರಿಗೂ ಹೆಮ್ಮೆಯಾಯಿತು. ಆದರೆ ಅಂಥ ನಾಟಕಗಳು ಎಷ್ಟಿವೆ? ಫಿಲಿಪ್ಪೀನ್ಸಿನ ಲೀ ಸಲೋಂಗಾ 1993ರಲ್ಲೇ ಬ್ರಾಡ್‌ವೇಯಲ್ಲಿ 'ಲೆ ಮಿಸರಾಬ್ಲ್'ನ ಎಪೋನೀನ್ ಆದರು, ಫ್ರಾನ್ಸಿನ ಬಡ ಹುಡುಗಿಯ ಪಾತ್ರ ಅದು. ನಮ್ಮ ಮಕ್ಕಳು ಲೂಯಿಸಾ ಆಗಬಹುದು, ಮೇರಿ ಆಗಬಹುದು. ಕಪ್ಪು ಜನರ ಹೋರಾಟದ ಅನುಭವವನ್ನೇ ಹೇಳುವ ಹಾಡುಗಳನ್ನು ಮಾತ್ರ ಅವರಿಗೇ ಬಿಡಬೇಕು. 'ಹೇರ್‌ಸ್ಪ್ರೇ'ಯ 'ಐ ನೋ ವೇರ್ ಐವ್ ಬೀನ್' ಎಷ್ಟೇ ಹಿಡಿಸಿದರೂ ಅದು ನಮ್ಮ ಮಕ್ಕಳ ಆಡಿಷನ್ ಹಾಡಲ್ಲ.

ಕಡೆಗೆ ಅಪ್ಪ ಅಮ್ಮಂದಿರಲ್ಲಿ ಒಂದು ಬೇಡಿಕೆ. ಜನವರಿ ಹತ್ತಿರ ಬಂದಾಗ ಯಾರೋ ಏನೋ ಹೇಳಿದರು ಅಂತ ಹಾಡು ಬದಲಿಸಬೇಡಿ. ವಿಡಿಯೋದಲ್ಲಿ ಆ ಹಾಡನ್ನು ಕೇಳಿಯೇ ಅವರು ಕರೆದಿರುತ್ತಾರೆ, ಹೊಸದು ಗಂಟಲಿಗೆ ಒಗ್ಗಲು ತಿಂಗಳುಗಳು ಬೇಕು. ಎದುರಿಗಿನ ಆಡಿಷನ್‌ನಲ್ಲಿ ಮೊದಲ ಹಾಡು ಇಷ್ಟವಾದರೆ "ಇನ್ನೇನಿದೆ ನಿನ್ನ ಬಳಿ?" ಅಂತ ಕೇಳುವುದುಂಟು. ಆ ಹೊತ್ತಿಗೆ ಬೈಂಡರ್‌ನಲ್ಲಿ ಇನ್ನೆರಡು ಹಾಡು ಕಲಿತು ಸಿದ್ಧವಾಗಿರಲಿ, ಅವನ್ನು ಅವಳೇ ಆರಿಸಿರಲಿ.