ದೀಡ ಕಿಲೋ ಬದನೆಕಾಯಿ

ಏಳೆಂಟ್ಲೆ ಎಷ್ಟು ಎಂದು ಕೇಳಿದರೆ ನನ್ನ ಮಗಳು ಐವತ್ತಾರು ಎನ್ನುತ್ತಿರಲಿಲ್ಲ. 'ಏಳೊಂದ್ಲೆ ಏಳು' ಎಂದು ಕೆಳಗಿನ ಮೆಟ್ಟಿಲಿನಿಂದ ಹತ್ತತೊಡಗಿ ಎಂಟನೆಯದಕ್ಕೆ ಬಂದು ಉಸಿರು ಬಿಡುತ್ತಿದ್ದಳು. ಆದರೂ ಇಪ್ಪತ್ತರವರೆಗಿನ ಮಗ್ಗಿ ಅವಳಿಗೆ ಬಾಯಿಪಾಠವೆಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ. ಬದನೆಕಾಯಿ ಕಿಲೋಕ್ಕೆ 48 ರೂಪಾಯಿ, ನಾವು ಕೊಂಡದ್ದು ದೀಡ ಕಿಲೋ, ಅಂದರೆ ಒಂದೂವರೆ. ಮಗಳು ಬೆರಳು ಮಡಚುವಷ್ಟರಲ್ಲಿ ಕಾಯಿಪಲ್ಲೆಯ ಅಜ್ಜಿ, ತಕ್ಕಡಿಯಿಂದ ಕಣ್ಣು ತೆಗೆಯದೆ, "ನಲವತ್ತೆಂಟು, ಅದರರ್ಧ ಇಪ್ಪತ್ನಾಕು, ಎಪ್ಪತ್ತೆರಡಾತು ನೋಡ ಯವ್ವಾ" ಎಂದಳು. ಒಂದೂಕಾಲಿಗೆ ಸವ್ವಾ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಎನ್ನುವ ನಮ್ಮ ಪೇಟೆಯ ಬಾಯಿಗೆ ಅಳತೆಯ ಹೆಸರಿನಲ್ಲೇ ಅರ್ಧ ಲೆಕ್ಕ ಮುಗಿದಿರುತ್ತದೆ.

ಮಗ್ಗಿಯೇ ಬೇಡವೆನ್ನುವವರ ಪಕ್ಷ ನನ್ನದಲ್ಲ. ಬಂಡವಾಳವಿಲ್ಲದೆ ಎಂಥ ವ್ಯಾಪಾರ? ಆದರೆ ನಾನು ಬಂಡವಾಳವನ್ನಷ್ಟೇ ಕೊಟ್ಟು, ಅದನ್ನು ತಿರುಗಿಸುವುದನ್ನು ಕಲಿಸಿರಲಿಲ್ಲ. ಧಾರವಾಡಕ್ಕೆ ಮರಳುವ, ಚಿಗರಿ (ಜಿಂಕೆ) ಎಂಬ ಹೆಸರಿನ ಬಸ್ಸಿನಲ್ಲಿ ಆರೇಳ್ಲೆ ನಲವತ್ತೆರಡನ್ನು ಇಮ್ಮಡಿಸಿ ಆರು ಹದಿನಾಲ್ಕಲೆ ಎಂಬತ್ತನಾಲ್ಕು ಮಾಡಿದೆವು. ಹದಿನೆಂಟೇಳ್ಲೆಗಾಗಿ ಇಪ್ಪತ್ತು ಏಳ್ಲೆ ನೂರಾ ನಲವತ್ತರಿಂದ ಹದಿನಾಲ್ಕನ್ನು ಕಳೆದೆವು. ಅಳುತ್ತಾ ಉರು ಹೊಡೆದಿದ್ದ ಹತ್ತೊಂಬತ್ತರ ಮಗ್ಗಿಯ ಗುಟ್ಟನ್ನು ಅವಳೇ ಬಯಲಿಗೆಳೆದಳು: "ಅಪ್ಪಾ, ಅದು ಇಪ್ಪತ್ತರ ಮಗ್ಗೀನ. ಒಂದೊಂದ ಸಲಕ್ಕ ಒಂದೊಂದು ಕದ್ದಾರ, ಅಷ್ಟ!"

1150ರ ಗಣಿತಗ್ರಂಥ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯ ಚಿಗರಿಮರಿಯ ಚಂಚಲ ಕಣ್ಣಿನ ಬಾಲೆಯೊಬ್ಬಳನ್ನು ಕರೆದು, 135ನ್ನು 12ರಿಂದ ಗುಣಿಸಿದರೆ ಎಷ್ಟೆಂದು ಕೇಳುತ್ತಾನೆ. ಹನ್ನೆರಡನ್ನು ಎಂಟು ಮತ್ತು ನಾಲ್ಕಾಗಿ ಒಡೆದು 1080ಕ್ಕೆ 540 ಕೂಡಿಸಬಹುದು. ಮೂರರಿಂದ ಗುಣಿಸಿ ಮತ್ತೆ ನಾಲ್ಕರಿಂದ ಗುಣಿಸಬಹುದು. ಇಪ್ಪತ್ತರಿಂದಲೇ ಗುಣಿಸಿ, ಬಂದ 2700ರಲ್ಲಿ 135ರ ಎಂಟರಷ್ಟನ್ನು ಕಳೆಯಲೂಬಹುದು. ಯಾವ ದಾರಿ ಹಿಡಿದರೂ 1620. ಚಿಗರಿಯಲ್ಲೇ ಕುಳಿತಿದ್ದ ನನ್ನ ಬಾಲೆಗೆ ಲೆಕ್ಕಕ್ಕಿಂತ ಆ ಕಣ್ಣಿನ ಹೋಲಿಕೆಯೇ ಹೆಚ್ಚು ಹಿಡಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಮುಂದಿನ ವಾರ ಅದೇ ಅಜ್ಜಿಯ ಬಳಿ ಮೆಂತೆ, ರಾಜಗಿರಿ, ಪುಂಡಿಪಲ್ಲೆ ಸೇರಿ ಆರು ಸಿವುಡು ಕೊಂಡೆವು, ಒಂದಕ್ಕೆ 15 ರೂಪಾಯಿ. ಅಜ್ಜಿ ಬಾಯಿ ತೆರೆಯುವ ಮೊದಲೇ ಮಗಳು, "ಆರು ಹತ್ಲೆ ಅರವತ್ತು, ಅದರರ್ಧ ಮೂವತ್ತು, ತೊಂಬತ್ತು" ಎಂದು ನೂರರ ನೋಟನ್ನು ಚಾಚಿದಳು. ಅಜ್ಜಿ ಹತ್ತು ರೂಪಾಯಿ ಮರಳಿಸಿ, ಒಂದು ಹಿಡಿ ಕರಿಬೇವನ್ನು ಚೀಲಕ್ಕೆ ತುರುಕಿದಳು. ಇದಕ್ಕೆಷ್ಟು ಎಂದು ಮಗಳು ಮತ್ತೆ ಬೆರಳು ಮಡಚತೊಡಗಿದಾಗ ಅಜ್ಜಿ ನಕ್ಕಳು: "ಕೊಸರಿಗೆ ಮಗ್ಗಿ ಇಲ್ಲ ಯವ್ವಾ, ತಗೊಂಡ ಹೋಗು."