ಭಾಷಣ ಆಮೇಲೆ, ಮೊದಲು ಬಾಕಿ ಕೊಡಿ

ನಿನ್ನೆ ತೀರ್ಥಹಳ್ಳಿಯಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಬರೆದುಬಿಟ್ಟರೆ ಹೋಗಬಹುದೇನೋ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಪರಿಚಯದವರ ಅಂಗಡಿ. ಮದುವೆ, ಮುಂಜಿ, ತಿಥಿ ಎಲ್ಲಕ್ಕೂ ಬೇಕಾದ ಅಡಿಕೆ ಹಾಳೆಯ ತಟ್ಟೆ, ದೊನ್ನೆ, ಬಾಳೆಎಲೆ ಅಲ್ಲಿ ಸಿಗುತ್ತದೆ. ಅಂಗಡಿಯ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಅವರದೇ ತಟ್ಟೆ ಒತ್ತುವ ಮಿಷನ್. ನಾನು ಕೂತು ಮಾತಾಡುತ್ತಿದ್ದಾಗ ಒಬ್ಬ ಯಜಮಾನರು ಬಂದರು. ಒಳ್ಳೆ ತೋಟ, ಒಳ್ಳೆ ಕಾರು. ಬಂದವರೇ ಅಮೆರಿಕಕ್ಕೆ ಬೈಯಲು ಶುರು ಮಾಡಿದರು. ಸುಂಕ ಅಂತೆ, ಮಂದಗತಿ ಅಂತೆ, ಜಗತ್ತೇ ಮುಳುಗುತ್ತಿದೆಯಂತೆ. "ನಮ್ಮೋರನ್ನ ನಾವೇ ಉಳಿಸ್ಕೋಬೇಕು ಮಾರಾಯ, ಬೇರೆ ಯಾರೂ ಬರಲ್ಲ" ಎಂದರು. ನಾನೂ ತಲೆ ಆಡಿಸಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. "ಇಲ್ಲೇ ತಟ್ಟೆ ಅಂಗಡಿ ಹತ್ರ ಬಾ" ಎಂದರು. ಬೈಕಿನಲ್ಲಿ ಹುಡುಗ ಬಂದ, ಬೆನ್ನ ಮೇಲಿನ ಚೀಲದಿಂದ ಒಂದು ಬಾಕ್ಸ್ ತೆಗೆದ, ಇವರು ಮೊಬೈಲ್ ತೋರಿಸಿದರು, ಟಿಂಗ್ ಎಂದಿತು, ದುಡ್ಡು ಹೋಯಿತು. ಅರ್ಧ ನಿಮಿಷದ ಕೆಲಸ.

ಹುಡುಗ ಹೋದ ಮೇಲೆ ಅಂಗಡಿಯವರು ಮೆಲ್ಲಗೆ ಕೇಳಿದರು. "ಯಜಮಾನ್ರೆ, ಮಗಳ ಮದುವೆ ತಟ್ಟೆದು ಸ್ವಲ್ಪ ನೋಡಿದ್ರೆ..."

"ಅಯ್ಯೋ, ನಿನ್ನ ದುಡ್ಡು ಎಲ್ಲಿಗೆ ಹೋಗ್ತದೆ ಮಾರಾಯ. ಅಡಿಕೆ ಕೊಟ್ಟ ಮೇಲೆ ಮಾಡೋಣ. ಇವತ್ತು ಒಂದು ನೂರು ಚಿಕ್ಕ ತಟ್ಟೆ ಕೊಡು, ಬರ್ಕೋ."

ಆ ಮಗಳು ಈಗ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಮದುವೆ ತಟ್ಟೆಯ ದುಡ್ಡು ಇನ್ನೂ ಬಂದಿಲ್ಲ. ಇವತ್ತಿನ ನೂರು ತಟ್ಟೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಮೊಮ್ಮಗುವಿನ ನಾಮಕರಣಕ್ಕೇ ಇರಬೇಕು.

ಆನ್‌ಲೈನಿಗೆ ನಗದು, ಊರಿನ ಅಂಗಡಿಗೆ ಉದ್ರಿ. ಇದು ನಮ್ಮ ಸ್ವದೇಶಿ. ಜಗತ್ತಿನ ಯಾವ ಕಂಪನಿಯೂ ನಮಗೆ "ಅಡಿಕೆ ಕೊಟ್ಟ ಮೇಲೆ ನೋಡೋಣ" ಎನ್ನುವ ಅವಕಾಶ ಕೊಡುವುದಿಲ್ಲ. ಅದು ಕೊಡುವವನು ಪಕ್ಕದ ರಸ್ತೆಯವನು. ಅವನಿಗೇ ನಾವು ಕೈ ಕೊಡುತ್ತೇವೆ.

ಆ ತಟ್ಟೆ ಅಂಗಡಿಯ ಕಥೆ ಸ್ವಲ್ಪ ಹೇಳಬೇಕು. ಅವರು ಬೆಂಗಳೂರಿನ ಒಬ್ಬ ಏಜೆಂಟರ ಮೂಲಕ ಹೊರದೇಶಕ್ಕೂ ಮಾಲು ಕೊಡುತ್ತಿದ್ದರು. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಹಾರ, ಔಷಧದ ಮೇಲೆ ಕಣ್ಣಿಡುವ ಎಫ್‌ಡಿಎ ಎಂಬ ಸಂಸ್ಥೆ, ಅಡಿಕೆ ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಊಟಕ್ಕೆ ಇಳಿಯುತ್ತದೆ, ಈ ತಟ್ಟೆ ಮಾರಬೇಡಿ ಎಂದು ಹೇಳಿಬಿಟ್ಟಿತು. ಆಗಸ್ಟಿನಲ್ಲಿ ಸುಂಕ ಬಂತು, ಮೊದಲು 25 ಪರ್ಸೆಂಟ್, 27ನೇ ತಾರೀಖಿನಿಂದ 50. ಆಮೇಲೆ ಅದು ಏರಿತೋ ಇಳಿಯಿತೋ, ಟಿವಿಯವರು ನೋಡಿಕೊಳ್ಳಲಿ. ಆರ್ಡರ್ ಒಮ್ಮೆ ಬೇರೆ ಕಡೆ ಹೋದರೆ ಸುಂಕ ಇಳಿದ ಮಾತ್ರಕ್ಕೆ ಓಡಿ ವಾಪಸ್ ಬರುವುದಿಲ್ಲ. ಏಜೆಂಟರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಎರಡು ಪಾಳಿ ಇದ್ದದ್ದು ಒಂದಾಯಿತು. ಕೆಲಸಕ್ಕೆ ಬರುತ್ತಿದ್ದ ಹೆಂಗಸರಲ್ಲಿ ಅರ್ಧ ಜನ ಈಗ ಮನೆಯಲ್ಲಿದ್ದಾರೆ.

ಇಷ್ಟಾದರೂ ಅವರು ಮುಳುಗಿರಲಿಲ್ಲ. ನಮ್ಮ ಕಡೆ ಸಮಾರಂಭಗಳಿಗೇನು ಬರ? ಊರಿನ ಊಟಗಳಿಗೇ ತಟ್ಟೆ ಕೊಟ್ಟುಕೊಂಡು ಒಂದು ಮಿಷನ್ ಓಡಿಸಬಹುದು. ಆದರೆ ಈ ಕಸುಬಿನಲ್ಲಿ ಒಂದು ಕಷ್ಟ ಇದೆ. ಹಾಳೆ ವರ್ಷವಿಡೀ ಸಿಗುವುದಿಲ್ಲ. ಬೇಸಿಗೆಯಲ್ಲಿ ಬಿದ್ದ ಹಾಳೆ ಹೆಕ್ಕಿ, ಒಣಗಿಸಿ, ಮಳೆ ಹಿಡಿಯುವ ಮೊದಲು ಅಟ್ಟಿ ಕಟ್ಟಿ ಇಡಬೇಕು. ನಮ್ಮ ಮಳೆ ಗೊತ್ತಲ್ಲ, ಜೂನ್ ಬಂದರೆ ಹೊರಗಿಟ್ಟ ಹಾಳೆ ಬೂಸ್ಟು ಹಿಡಿದು ಕಪ್ಪಾಗುತ್ತದೆ. ಅಂದರೆ ಇಡೀ ಮಳೆಗಾಲ ಮಿಷನ್ ಓಡಬೇಕಾದರೆ ಅಷ್ಟೂ ಹಾಳೆಯನ್ನು ಮೇ ಒಳಗೆ ನಗದು ಕೊಟ್ಟು ಕೊಳ್ಳಬೇಕು. ಹಾಳೆ ಕೊಡುವವರೂ ತೋಟದವರೇ. ಅವರು ಉದ್ರಿ ಕೊಡುತ್ತಾರೆಯೇ? ಕೊಡುವುದಿಲ್ಲ. ಹಾಳೆಗೆ ಕೈ ಮೇಲೆ ದುಡ್ಡು ಬೇಕು, ಅದೇ ಹಾಳೆ ತಟ್ಟೆಯಾಗಿ ಅವರ ಮನೆಗೆ ವಾಪಸ್ ಹೋದಾಗ "ಬರ್ಕೋ".

ಹಾಗಾಗಿ ಯಜಮಾನರ ಆ ಸಣ್ಣ ಬಾಕಿ, ಅಂಥ ಇನ್ನೊಂದಷ್ಟು ಮನೆಗಳ ಬಾಕಿ, ಇವೆಲ್ಲ ಮಾರ್ಚ್ ಏಪ್ರಿಲ್‌ನಲ್ಲಿ ಕೈಗೆ ಬಾರದಿದ್ದರೆ ಜುಲೈನಲ್ಲಿ ಒತ್ತಲು ಹಾಳೆಯೇ ಇಲ್ಲ. ಆಗ ಉಳಿದ ಅರ್ಧ ಹೆಂಗಸರೂ ಮನೆಗೆ. ಇದಕ್ಕೆ ಅಮೆರಿಕ ಕಾರಣವಾ? ಟ್ರಂಪ್ ಬಂದು ತಟ್ಟೆ ಉದ್ರಿ ತಗೊಂಡು ಹೋಗಿದ್ದಾರಾ?

ನಾನು ಇದನ್ನು ಇಷ್ಟು ಸಿಟ್ಟಿನಲ್ಲಿ ಯಾಕೆ ಬರೆಯುತ್ತೇನೆ ಎಂದು ಹಳೆ ಗೆಳೆಯರಿಗೆ ಗೊತ್ತು. ಶಿವಮೊಗ್ಗದ ಫೌಂಡ್ರಿಯಲ್ಲಿ, ಅಂದರೆ ಗಾಡಿಯ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಲೆಕ್ಕ ಬರೆದವನು ನಾನು. ಲೆಕ್ಕ ಬರೆಯುವುದು ಹೆಸರಿಗೆ, ನಿಜವಾದ ಕೆಲಸ ವಸೂಲಿ. 2008ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೆಹ್ಮನ್ ಬ್ರದರ್ಸ್ ಎಂಬ ಬ್ಯಾಂಕ್ ದಿವಾಳಿಯಾಯಿತು. ಆ ಹೆಸರನ್ನು ನಾವು ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ. ಜಗತ್ತಿಗೆಲ್ಲ ಮಂದಗತಿ ಹಬ್ಬಿ, ಕೆಲವೇ ತಿಂಗಳಲ್ಲಿ ನಮ್ಮ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಮೌಲ್ಡಿಂಗ್ ಹುಡುಗರಿಗೆ ವಾರಕ್ಕೆ ಮೂರು ದಿನ ಕೆಲಸ ಎನ್ನುವ ಹಾಗಾಯಿತು. ಆರ್ಡರ್ ಕಮ್ಮಿಯಾದದ್ದು ನಿಜ. ಆದರೆ ನಮ್ಮ ಓನರ್ ಅದನ್ನು ತಡೆದುಕೊಳ್ಳುತ್ತಿದ್ದರು. ಕರೆಂಟ್ ಬಿಲ್ ಕಮ್ಮಿ ಮಾಡಿ, ಸ್ಕ್ರ್ಯಾಪ್ ಕಮ್ಮಿ ತರಿಸಿ ಹೇಗೋ ನಡೆಸುತ್ತಿದ್ದರು. ಸೊಂಟ ಮುರಿದದ್ದು ಹಳೆ ಬಿಲ್ಲು. ಆಗಲೇ ಕಳಿಸಿದ ಮಾಲು, ಆಗಲೇ ಗಾಡಿಗೆ ಜೋಡಿಸಿ ಮಾರಿಯಾದ ಮಾಲು, ಅದರ ದುಡ್ಡು ನೂರು ದಿನವಾದರೂ ಬರಲಿಲ್ಲ. ದೊಡ್ಡ ಕಂಪನಿಗೆ ಮಂದಗತಿ ಅಂದರೆ ಮೊದಲು ಮಾಡುವ ಉಳಿತಾಯ ಸಣ್ಣವನ ಬಿಲ್ಲು ತಡೆಯುವುದು. ಬಡ್ಡಿಯಿಲ್ಲದ ಸಾಲ ಅಲ್ವಾ, ಯಾರಿಗೆ ಬೇಡ?

ನಾನು ಬ್ಯಾಗು ಹಿಡಿದು ಹೋಗುತ್ತಿದ್ದೆ. "ಸಾಹೇಬರು ಮೀಟಿಂಗಿನಲ್ಲಿದ್ದಾರೆ." "ಚೆಕ್ ಸಹಿಗೆ ಹೋಗಿದೆ." "ಸೋಮವಾರ ಬನ್ನಿ." ರಿಸೆಪ್ಷನ್ನಿನ ಕುರ್ಚಿಯಲ್ಲಿ ಕೂತು ಕೂತು, ಕೊಟ್ಟ ಮಾಲಿನ ದುಡ್ಡನ್ನೇ ಭಿಕ್ಷೆಯ ಹಾಗೆ ಕೇಳುವುದಿದೆಯಲ್ಲ, ಅದು ಮನುಷ್ಯನನ್ನು ಒಳಗಿನಿಂದ ಸಣ್ಣ ಮಾಡುತ್ತದೆ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕೆಲವು ಸಲ ಅತ್ತಿದ್ದೂ ಇದೆ. ಈಗ ಹೇಳುತ್ತಿದ್ದೇನೆ, ವಯಸ್ಸಾಯಿತು, ನಾಚಿಕೆ ಎಂತದು. ಮರುವರ್ಷ ದೀಪಾವಳಿ ಬೋನಸ್ ಕೊಡಲು ಓನರ್ ಮನೆಯವರ ಬಳೆ ಬ್ಯಾಂಕಿಗೆ ಹೋಯಿತು.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರ ದುಡ್ಡನ್ನು 45 ದಿನದೊಳಗೆ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಓದಲು ಎಷ್ಟು ಚಂದ! ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಪೋರ್ಟಲ್ ಕೂಡ ಬಂತು. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಆಮೇಲೆ ಇನ್‌ಕಮ್ ಟ್ಯಾಕ್ಸ್‌ನಲ್ಲೂ ಒಂದು ಹಗ್ಗ ಕಟ್ಟಿದರು. ವಾಯಿದೆಯೊಳಗೆ ದುಡ್ಡು ಕೊಡದಿದ್ದರೆ, ನಿಜವಾಗಿ ಕೊಡುವ ವರ್ಷದವರೆಗೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಳ್ಳೆಯದೇ. ಕೂಡಲೇ ಕೆಲವು ದೊಡ್ಡವರು ಸಣ್ಣವರಿಗೆ ಹೇಳಿದ್ದೇನು ಗೊತ್ತಾ? ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸಿದ ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ ರದ್ದು ಮಾಡಿಸಿ, ಇಲ್ಲದಿದ್ದರೆ ಮಾಲು ಬೇಡ ಎಂದು. ಈ ಮಧ್ಯೆ ಬಿಲ್ಲು ಬರೆದು ಕೊಟ್ಟವನು ಮಾತ್ರ ವಾಯಿದೆಗೆ ಸರಿಯಾಗಿ ಜಿಎಸ್‌ಟಿ ಕಟ್ಟಲೇಬೇಕು. ದುಡ್ಡು ಬಂದಿರಲಿ, ಬಿಡಲಿ. ಬಾರದ ದುಡ್ಡಿಗೆ ತೆರಿಗೆ.

2020ರಲ್ಲಿ ಕೊರೋನಾ ಬಂದಾಗ ಕೇಂದ್ರ ಸರ್ಕಾರ ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ಗ್ಯಾರಂಟಿ ಸಾಲ ಎಂದು ಘೋಷಿಸಿತು. ಎಷ್ಟೋ ಜನರಿಗೆ ಉಪಕಾರ ಆಯಿತು, ಇಲ್ಲ ಎನ್ನುವುದಿಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ನನಗೆ ಹತ್ತು ಲಕ್ಷ ಬರಬೇಕು, ಅದು ಬರುತ್ತಿಲ್ಲ. ನೀವು ನನಗೆ ಹತ್ತು ಲಕ್ಷ ಸಾಲ ಕೊಟ್ಟು ಬಡ್ಡಿ ಕಟ್ಟು ಎನ್ನುತ್ತೀರಿ. ಅದರ ಬದಲು ಆ ಹತ್ತು ಲಕ್ಷ ಕೊಡಿಸಿದ್ದರೆ?

ಈಗ ನಮ್ಮ ತೋಟದವರ ವಿಷಯ. ನಂದೂ ಸ್ವಲ್ಪ ತೋಟ ಇದೆ, ಹಾಗಾಗಿ ನನಗೇ ಬೈದುಕೊಂಡ ಹಾಗೆ ಎಂದುಕೊಳ್ಳಿ. ಭೂತಾನಿನಿಂದ ಹಸಿ ಅಡಿಕೆ ತರಿಸಲು 2022ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ ನಾವೆಲ್ಲ ಹೇಗೆ ಕೂಗಾಡಿದೆವು! ಕನಿಷ್ಠ ಆಮದು ದರ ಏರಿಸಿ ಎಂದು ಮನವಿ ಮೇಲೆ ಮನವಿ. 2023ರಲ್ಲಿ ಕೆಜಿಗೆ 251 ಇದ್ದದ್ದು 351 ಆಯಿತು. ಸರಿಯಾದ ಬೇಡಿಕೆಯೇ, ನಾನೂ ಸಹಿ ಹಾಕಿದವನು. ಹೊರಗಿನ ಅಗ್ಗದ ಮಾಲಿನಿಂದ ನಮ್ಮನ್ನು ಕಾಪಾಡಿ ಎಂದು ಸರ್ಕಾರವನ್ನು ಕೇಳುವ ನಾವು, ಹೊರಗಿನ ಅಗ್ಗದ ಮಾಲು ಮೊಬೈಲಿನಲ್ಲಿ ಕಂಡ ಕೂಡಲೇ ಬೆರಳು ಒತ್ತುತ್ತೇವೆ. ಅಡಿಕೆಗೆ ರಕ್ಷಣೆ ಬೇಕು, ಅಂಗಡಿಯವನಿಗೆ ಸ್ಪರ್ಧೆ ಇರಲಿ. ಆಹಾ.

ಇಲ್ಲಿ ಯಾರೋ ಹೇಳಿಯೇ ಹೇಳುತ್ತಾರೆ. "ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುವುದು, ಉದ್ರಿ ಮಲೆನಾಡಿನ ಪದ್ಧತಿ, ಅಜ್ಜನ ಕಾಲದಿಂದ ಇದೆ." ಇತ್ತು, ಒಪ್ಪುತ್ತೇನೆ. ಆದರೆ ಅಜ್ಜನ ಕಾಲದಲ್ಲಿ ಅಡಿಕೆ ಮಾರಿ ಬಂದವನು ಮನೆಗೆ ಹೋಗುವ ಮೊದಲು ಅಂಗಡಿ ಲೆಕ್ಕ ಚುಕ್ತಾ ಮಾಡುತ್ತಿದ್ದ. ಆಗ ಎಲ್ಲರದೂ ಉದ್ರಿಯೇ, ಬಟ್ಟೆಯಂಗಡಿಯದೂ ಕ್ಷೌರಿಕನದೂ. ಈಗ ಹಾಗಲ್ಲ. ಕಾರಿನ ಕಂತು ತಿಂಗಳ 5ಕ್ಕೆ ತಪ್ಪದೆ ಹೋಗುತ್ತದೆ. ಮೊಬೈಲ್ ರೀಚಾರ್ಜ್ ಒಂದು ದಿನ ತಡ ಆಗುವುದಿಲ್ಲ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ರಾಶಿ ಇಡಿ ಅಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿದ್ದನ್ನು ಎಲ್ಲರೂ ಕಂಡಿದ್ದೇವೆ. ಕಾಯುವುದಕ್ಕೆ ಉಳಿದಿರುವವನು ಒಬ್ಬನೇ, ಆ ಅಂಗಡಿಯವನು. ಅವನು ಮಾತ್ರ ಚಿನ್ನ ಅಡವಿಟ್ಟು ಬಡ್ಡಿ ಕಟ್ಟುತ್ತಾ ಕಾಯಬೇಕು. ಎಲೆಚುಕ್ಕಿ ರೋಗ ಬಂದು, ಕೊಳೆ ಬಂದು ತೋಟ ಹೋದವರ ಮಾತು ಬೇರೆ. ಆಗುಂಬೆ, ಹೊಸನಗರ ಕಡೆಯ ಎಷ್ಟೋ ಮನೆಗಳ ಸ್ಥಿತಿ ನನಗೆ ಗೊತ್ತು. ಆದರೆ ವಿಚಿತ್ರ ನೋಡಿ, ಅಂಥವರು ಐದು ಹತ್ತು ಸಾವಿರ ಮುರಿದು ಮುರಿದಾದರೂ ಕೊಟ್ಟು ಹೋಗುತ್ತಾರಂತೆ. ತಟ್ಟೆ ಅಂಗಡಿಯವರೇ ಹೇಳಿದ್ದು. ಉದ್ದ ಎಳೆಯುವವರು ಕಾರಿನವರೇ.

ಇನ್ನೊಂದು ವಾದ, ಡೆಲಿವರಿ ಹುಡುಗನೂ ಊರವನೇ, ಅವನದೂ ಉದ್ಯೋಗವೇ ಎಂದು. ಹೌದು, ಅವನ ಮೇಲೆ ನನಗೇನು ಸಿಟ್ಟು. ಬಿಸಿಲಲ್ಲಿ ಮಳೆಯಲ್ಲಿ ಅಲೆಯುತ್ತಾನೆ ಪಾಪ. ರೇಟು ಕಮ್ಮಿ ಇದ್ದರೆ ಆನ್‌ಲೈನಿನಲ್ಲೇ ತಗೊಳ್ಳಿ, ನಾನು ಬೇಡ ಎನ್ನುವುದಿಲ್ಲ. ನಾನೂ ತಗೊಳ್ಳುತ್ತೇನೆ, ನನ್ನ ಕನ್ನಡಕದ ಪೆಟ್ಟಿಗೆ ಅಲ್ಲಿಂದಲೇ ಬಂದದ್ದು. ನಾನು ಕೇಳುವುದು ಇಷ್ಟೇ, ಊರಿನವನ ಹತ್ತಿರ ತಗೊಂಡದ್ದಕ್ಕೂ ಅದೇ ವೇಗದಲ್ಲಿ ದುಡ್ಡು ಕೊಡಿ. ಟಿಂಗ್ ಎನ್ನುವ ಡಬ್ಬ ಅವನ ಟೇಬಲ್ಲಿನ ಮೇಲೂ ಇದೆ.

ನಾವು ದೊಡ್ಡದು ಬಿದ್ದಾಗ ಮಾತ್ರ ಎದ್ದು ನಿಲ್ಲುವ ಜನ. ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ನಿಂತಾಗ, 2023ರ ಜನವರಿಯಲ್ಲಿ ಅಲ್ಲಿನದೇ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತೇವೆ ಎಂದಾಗ ಹೋರಾಟ ಆಯಿತು. ಆಗಬೇಕಾದದ್ದೇ. ವಿಶ್ವೇಶ್ವರಯ್ಯನವರ ಕಾಲದ ಕಾರ್ಖಾನೆ ಅದು, ಸುಮ್ನೆ ಬಿಡುವುದಕ್ಕಾಗುತ್ತದೆಯೇ. ಆದರೆ ಶಿವಮೊಗ್ಗದ ಗಾಂಧಿಬಜಾರಿನ ಹೊಲಿಗೆಯವನು ಬಾಗಿಲು ಹಾಕಿದರೆ ಯಾರು ಧರಣಿ ಕೂರುತ್ತಾರೆ? ಅವನ ಅಂಗಡಿ ಮುಚ್ಚಿದ ಮೇಲೆ "ಅಯ್ಯೋ, ಒಳ್ಳೆ ಹೊಲಿತಿದ್ದ" ಎನ್ನುತ್ತೇವೆ. ನಮ್ಮ ಬ್ಲೌಸಿನ, ಪ್ಯಾಂಟಿನ ಬಾಕಿ ಅವನ ಪುಸ್ತಕದಲ್ಲೇ ಉಳಿದಿರುತ್ತದೆ. ಅದನ್ನು ಕೇಳಲು ಈಗ ಅವನೂ ಇಲ್ಲ. ಎಷ್ಟು ಅನುಕೂಲ.

ಸರ್ಕಾರವೂ ಏನು ಸಾಚಾ ಅಲ್ಲ. ಸಭೆಗೆ ಊಟ ಕೊಟ್ಟವನು, ಶಾಮಿಯಾನ ಹಾಕಿದವನು, ಬ್ಯಾನರ್ ಪ್ರಿಂಟ್ ಮಾಡಿದವನು ಬಿಲ್ಲು ಹಿಡಿದು ಕಚೇರಿ ಮೆಟ್ಟಿಲು ಹತ್ತುವುದನ್ನು ನೋಡಿದ್ದೇನೆ. ಆ ಬ್ಯಾನರಿನಲ್ಲಿ ಬರೆದಿರುವುದು ಸ್ವಉದ್ಯೋಗ ಕಾರ್ಯಾಗಾರ ಎಂದು. ಯುವಕರಿಗೆ ಸ್ವಂತ ಉದ್ಯೋಗ ಮಾಡಿ ಎಂದು ಹೇಳಿಕೊಟ್ಟ ಮೈಕಿನ ಬಾಡಿಗೆ ಕೂಡ ಬಾಕಿ! ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹೊಸ ಯೋಜನೆ, ಹೊಸ ಲೋಗೋ, ಹೊಸ ಪೋರ್ಟಲ್ ಯಾವುದೂ ಬೇಡ ಎನ್ನುತ್ತಿಲ್ಲ. ಎಫ್‌ಡಿಎ ಹತ್ತಿರ ಮಾತಾಡುವುದು, ಹಾಳೆಯ ಪರೀಕ್ಷೆ ಮಾಡಿಸುವುದು, ಬೇರೆ ದೇಶದ ಮಾರುಕಟ್ಟೆ ಹುಡುಕುವುದು, ಇವೆಲ್ಲ ದೊಡ್ಡವರು ಮಾಡಬೇಕಾದ ಕೆಲಸ. ಮಾಡಲಿ. ಅದು ಆಗುವಾಗ ಆಗಲಿ. ಬಾಕಿ ಕೊಡಲಿಕ್ಕೆ ದೆಹಲಿಯ ಅಪ್ಪಣೆ ಬೇಕಾ?

ನಮ್ಮ ಮನೆಯ ಸುದ್ದಿಯೂ ಹೇಳಿಬಿಡುತ್ತೇನೆ, ಹೇಗೂ ಊರಿಗೆಲ್ಲ ಗೊತ್ತಾಗುತ್ತದೆ. ಬರುವ ತಿಂಗಳು ಸಾಗರದಲ್ಲಿ ತಂಗಿಯ ಮಗನ ಉಪನಯನ. ತಟ್ಟೆ, ದೊನ್ನೆಯ ಜವಾಬ್ದಾರಿ ನಂದು. ನಿನ್ನೆ ಅಲ್ಲೇ ಪೂರ್ತಿ ದುಡ್ಡು ಕೊಟ್ಟು ಬಂದೆ. ಭಾವನಿಗೆ ಫೋನ್ ಮಾಡಿ ಹೇಳಿದರೆ, "ಪೂರ್ತಿ ಯಾಕೆ ಕೊಟ್ರಿ, ಆಮೇಲೆ ಮಾಲು ಸರಿ ಇಲ್ಲ ಅಂದ್ರೆ ಹಿಡಿಯೋಕೆ ಏನಿರ್ತದೆ" ಎಂದರು. ಅವರು ಹೋದ ತಿಂಗಳು ಮುಖ ಕಾಣದ ಯಾವನಿಗೋ ಮುಂಗಡ ಕೊಟ್ಟು ಆನ್‌ಲೈನಿನಲ್ಲಿ ಸೋಫಾ ತರಿಸಿದ್ದಾರೆ, ಅದರ ಒಂದು ಕಾಲು ಗಿಡ್ಡ. ನಾನು ಅದನ್ನು ನೆನಪಿಸಿದೆ. ಫೋನ್ ಇಟ್ಟರು. ಈವರೆಗೆ ವಾಪಸ್ ಮಾಡಿಲ್ಲ. ನಾನಂತೂ ಮೊದಲು ಮಾಡುವವನಲ್ಲ.